ಹಿನ್ನೀರಿನ ಅಂಚಿಗೆ ಟೆಂಟ್ ಹಾಕೋ ಮುಂಚೆ



ಈ ಸಲ ಅಡಿಕೆ ಕೊಳೆರೋಗಕ್ಕೆ ಎರಡನೇ ಸುತ್ತಿನ ಬೋರ್ಡೋ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಮಳೆ ಬಿಡುವು ಕೊಡ್ತಿಲ್ಲ, ನಾನೇ ಇನ್ನೂ ಹೊಡೆದಿಲ್ಲ. ಹಾಗಾಗಿ ಅದು ಮುಂದಕ್ಕೆ. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಸಾವಕಾಶವಾಗಿ ಓದಿ.

ಹೋದ ಸೋಮವಾರ ನಮ್ಮೂರಿನ ಇಬ್ಬರು ಹುಡುಗರು ಮನೆಗೆ ಬಂದಿದ್ರು. ಬೆಂಗಳೂರಿನಲ್ಲಿ ಕೆಲಸ ಮಾಡಿ ವಾಪಸ್ ಬಂದವರು, ಒಳ್ಳೆ ಹುಡುಗರು. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಆಮೇಲೆ ವಿಷಯಕ್ಕೆ ಬಂದ್ರು. "ಅಣ್ಣಾ, ಹಿನ್ನೀರಿನ ಪಕ್ಕ ನಿಮ್ದು ಎರಡು ಎಕರೆ ಖಾಲಿ ಬಿದ್ದಿದೆಯಲ್ಲ, ವರ್ಷಕ್ಕೆ ಇಷ್ಟು ಅಂತ ಕೊಡ್ತೀವಿ, ಟೆಂಟ್ ಹಾಕ್ತೀವಿ. ಎರಡು ದೋಣಿ ಬಿಡ್ತೀವಿ. ಬಂದವರು ಗಾಳ ಹಾಕಿ ಮೀನು ಹಿಡೀಲಿ, ಅಲ್ಲೇ ಸುಟ್ಟು ತಿನ್ನಲಿ. ಶನಿವಾರ ಭಾನುವಾರ ಹೆಬ್ಬೆ ಫಾಲ್ಸಿಗೆ, ಕೆಮ್ಮಣ್ಣುಗುಂಡಿಗೆ ಎಷ್ಟು ಕಾರು ಹೋಗ್ತವೆ ನೋಡಿದ್ದೀರಲ್ಲ?"

ನೋಡಿದ್ದೀನಿ. ಲಿಂಗದಹಳ್ಳಿ ರಸ್ತೆಯಲ್ಲಿ ಶನಿವಾರ ಸಂಜೆ ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಇರಲ್ಲ. ಅವರು ಹೇಳಿದ ದುಡ್ಡೂ ಕಡಿಮೆ ಏನಲ್ಲ. ಆ ಎರಡು ಎಕರೆಯಲ್ಲಿ ಜೋಳ ಹಾಕಿದ್ರೆ ಹಂದಿಗೆ, ಭತ್ತ ಹಾಕಿದ್ರೆ ಆನೆಗೆ. ಆದ್ರೂ ಆ ಕ್ಷಣಕ್ಕೆ ಹೂಂ ಅನ್ನೋಕೆ ಬಾಯಿ ಬರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಆ ಯೋಚನೆನೇ ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ಇವತ್ತು ನನ್ನ ಮನೆಗೆ ಬಂದವರು ನಾಳೆ ನಿಮ್ಮ ಮನೆಗೂ ಬರ್ತಾರೆ.

ಮೊದಲು ಒಂದು ಮಾತು. ಈಗ ಮಳೆಗಾಲ. ಬೆಳಿಗ್ಗೆ ಎದ್ದ ಕೂಡಲೇ ನಾವೆಲ್ಲ ಫೋನಲ್ಲಿ ನೋಡೋದು ಏನು? ಡ್ಯಾಂ ಮಟ್ಟ. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, 186ಕ್ಕೆ ಇನ್ನೆಷ್ಟು ಬಾಕಿ. ಲಕ್ಕವಳ್ಳಿಯಲ್ಲಿ 186 ಅಡಿ ಅಂದ್ರೆ ತರೀಕೆರೆಯಿಂದ ಹಿಡಿದು ದಾವಣಗೆರೆ ಕೊನೇ ಭಾಗದವರೆಗೆ ಎಷ್ಟೋ ಮನೆಗಳಲ್ಲಿ ಆ ವರ್ಷದ ಮದುವೆ, ಸಾಲ, ಮಕ್ಕಳ ಫೀಸು ತೀರ್ಮಾನ ಆದ ಹಾಗೆ. ಅದೇ 186ನ್ನ ಈಗ ಇನ್ನೊಬ್ರೂ ಕಾಯ್ತಾರೆ. ಗೇಟ್ ಎತ್ತಿದಾಗ ಫೋಟೋ ತೆಗೆಯೋಕೆ. ತಪ್ಪು ಅಂತ ಹೇಳ್ತಿಲ್ಲ, ನಾನೂ ತೆಗೆದಿದ್ದೀನಿ. ಆದ್ರೆ ನೀರು ಒಂದೇ, ನೋಡೋ ಕಣ್ಣು ಎರಡು ಅನ್ನೋದು ತಲೆಯಲ್ಲಿರಲಿ.

ನಮ್ಮ ಸುತ್ತಮುತ್ತ "ಸುಂದರವಾದ ಕೆರೆ, ಹೊಳೆ" ಅಂತ ಜನ ಬಂದು ನೋಡೋದರಲ್ಲಿ ಹೆಚ್ಚಿನವು ತಾವಾಗಿ ಆದವಲ್ಲ. ಯಾರೋ ಕಟ್ಟಿದ್ದು, ಇಲ್ಲಾ ಯಾರೋ ಬಿಟ್ಟು ಎದ್ದುಹೋದದ್ದು. ನನ್ನನ್ನ ತಡೆದಿದ್ದು ಇದೇ.

ಅಯ್ಯನಕೆರೆಯಿಂದ ಶುರು ಮಾಡೋಣ. ಸಖರಾಯಪಟ್ಟಣದ ಹತ್ರ, ಶಕುನಗಿರಿ ಬುಡದಲ್ಲಿ. ರುಕ್ಮಾಂಗದ ರಾಯ ಅನ್ನೋ ಅಲ್ಲಿನ ಅರಸ ಕಟ್ಟಿಸಿದ್ದು ಅಂತ ಪ್ರತೀತಿ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರ ಆಯ್ತು. ಅಂದ್ರೆ ಆ ಹೊತ್ತಿಗೇ ರಿಪೇರಿಗೆ ಬರೋವಷ್ಟು ಹಳೇದು. ಸುತ್ತ ಬೆಟ್ಟ, ಮಧ್ಯೆ ನೀರು. ಏರಿ ಮೇಲೆ ನಿಂತರೆ ನಿಜಕ್ಕೂ ಮನಸ್ಸು ತಣ್ಣಗಾಗುತ್ತೆ. ಈಗ ಅಲ್ಲಿಗೂ ರಜೆ ದಿನ ಜನ ಹೋಗ್ತಾರೆ.

ಅಲ್ಲಿ ಹೊನ್ನಬಿಲ್ಲನ ಕಥೆ ಹೇಳ್ತಾರೆ. ಕೇಳದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಅವನು ಕೆರೆ ಕಾಯೋ ಆಳು. ಒಂದು ರಾತ್ರಿ ಜೋರು ಮಳೆ, ಏರಿ ಒಡೆಯೋ ಹಂಗಾಯ್ತು. ಗಂಗಮ್ಮ ಅವನ ಮುಂದೆ ಬಂದು, ನಾನು ಹೊರಟೆ ಅಂದಳಂತೆ. ತಾಯಿ, ನಾನು ಊರಿಗೆ ಹೋಗಿ ಒಡೆಯನಿಗೆ ಹೇಳಿ ವಾಪಸ್ ಬರೋ ತನಕ ನಿಲ್ಲು ಅಂತ ಇವನು ಮಾತು ತಗೊಂಡ. ಓಡಿ ಬಂದು ಹೇಳಿದ. ಒಡೆಯ ಯೋಚನೆ ಮಾಡಿದ: ಇವನು ವಾಪಸ್ ಹೋಗದಿದ್ರೆ ಗಂಗಮ್ಮ ಮಾತಿಗೆ ಕಟ್ಟುಬಿದ್ದು ಅಲ್ಲೇ ನಿಲ್ತಾಳೆ. ಅವನನ್ನ ಅಲ್ಲೇ ಕಡಿಸಿದ. ಕೆರೆ ಇವತ್ತಿಗೂ ನಿಂತಿದೆ.

ಕಥೆ ಕಥೆನೇ. ಇಂಥದ್ದೇ ಕಥೆ ಬೇರೆ ಕೆರೆಗಳಿಗೂ ಇದೆ. ಆದ್ರೆ ರೈತನಾಗಿ ನನಗೆ ಅದರಲ್ಲಿ ಕಾಣೋದು ರಾಜ ಅಲ್ಲ, ಗಂಗಮ್ಮನೂ ಅಲ್ಲ. ಸರಿರಾತ್ರಿ ಮಳೆಯಲ್ಲಿ ಏರಿ ಮೇಲೆ ಒಬ್ಬ ಇದ್ದ ಅನ್ನೋದು. ನೀರಗಂಟಿ. ತೂಬು ಎತ್ತೋದು ಅವನೇ, ಯಾರ ಗದ್ದೆಗೆ ಯಾವಾಗ ಎಷ್ಟು ಅಂತ ಬಿಡೋದು ಅವನೇ, ಏರಿಯಲ್ಲಿ ಇಲಿ ಬಿಲ ಬಿದ್ರೆ ಮುಚ್ಚಿಸೋದು ಅವನೇ. ಅದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲು ತಗೊಂಡು ಹೋಗ್ತಿದ್ದ. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಅಚ್ಚುಕಟ್ಟಿನಲ್ಲಿ ಕೊಡಗಿ ಭೂಮಿ ಬಿಡೋ ಪದ್ಧತಿಯೂ ಇತ್ತು. ಶಾಸನಗಳಲ್ಲಿ ಬಿತ್ತುವಟ್ಟ ಅಂತ ಬರೋದು ಇಂಥ ದತ್ತಿಯೇ. ಕೆರೆಗೆ ಖರ್ಚು ಇರುತ್ತೆ, ಆ ಖರ್ಚು ಕೆರೆಯ ನೀರಿನಿಂದಲೇ ಹುಟ್ಟಬೇಕು ಅನ್ನೋ ಲೆಕ್ಕ ಅವರಿಗೆ ಗೊತ್ತಿತ್ತು. ಈಗ ಏರಿ ಮೇಲೆ ನಿಂತು ಸೆಲ್ಫಿ ತೆಗೆಯೋರು ಸಾವಿರ ಜನ ಇದ್ದಾರೆ. ಇಲಿ ಬಿಲ ನೋಡೋರು ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ಮದಗದ ಕೆರೆ ಕಥೆ ಹೆಚ್ಚು ಹೇಳಲ್ಲ, ಕಡೂರಿನವರಿಗೆ ನಾನು ಹೇಳೋದು ಅಂದ್ರೆ ಅಜ್ಜಿಗೆ ಅಡುಗೆ ಕಲಿಸಿದ ಹಾಗೆ. ಆ ಕೆರೆಗೆ ಮಳೆ ಬಂದ ಜನಪದ ಹಾಡು ಎಲ್ಲರಿಗೂ ಗೊತ್ತು. ಆ ಮದಗ ನಮ್ಮದು ಅಂತ ಬೇರೆ ಸೀಮೆಯವರೂ ಹೇಳ್ತಾರೆ, ಆ ಜಗಳಕ್ಕೆ ನಾನು ಬರಲ್ಲ. ಗೊತ್ತಿರಬೇಕಾದ್ದು ಇಷ್ಟು: ಅಯ್ಯನಕೆರೆ ವೇದಾ ಹಳ್ಳದ್ದು, ಮದಗದ ಕೆರೆ ಆವತಿ ಹಳ್ಳದ್ದು. ಎರಡೂ ಕಡೂರಿನ ಹತ್ರ ಸೇರಿ ವೇದಾವತಿ. ಆ ವೇದಾವತಿಗೇ ಮುಂದೆ ಮಾರಿಕಣಿವೆಯಲ್ಲಿ ಮೈಸೂರು ಸರ್ಕಾರದವರು 1898ರಿಂದ 1907ರವರೆಗೆ ಕಟ್ಟೆ ಕಟ್ಟಿದ್ರು, ವಾಣಿವಿಲಾಸ ಸಾಗರ. ಅದು 1933ರಲ್ಲಿ ಒಂದು ಸಲ ಕೋಡಿ ಬಿದ್ದದ್ದು. ಆಮೇಲೆ ಬಿದ್ದದ್ದು 2022ರಲ್ಲಿ. 89 ವರ್ಷ! ಅದಕ್ಕೆ ಮಳೆ ಒಂದೇ ಕಾರಣ ಅಲ್ಲ. ನಮ್ಮ ಭದ್ರೆಯ ನೀರನ್ನ ಬೆಟ್ಟತಾವರೆಕೆರೆ ಹತ್ರ ಪಂಪ್ ಮಾಡಿ, ಅಜ್ಜಂಪುರದ ಸುರಂಗದಲ್ಲಿ ಆ ಕಡೆ ಹಾಯಿಸಿದ್ದೂ ಸೇರಿತ್ತು. ಮೊದಲು ಭದ್ರೆಯ ನೀರು ಒಂದು ಕಡೆ, ವೇದಾವತಿ ನೀರು ಇನ್ನೊಂದು ಕಡೆ. ಈಗ ಗುಡ್ಡ ಕೊರೆದು ನಂಟಸ್ತನ ಮಾಡಿಸಿದ್ದಾರೆ. ಅಜ್ಜಂಪುರದ ಈರುಳ್ಳಿ ಬೆಳೆಯೋರು ಈ ನೀರಿಗಾಗಿ ಎಷ್ಟು ವರ್ಷ ಕಾದ್ರು, ನಾಲೆ ಕೊನೇ ಭಾಗದವರು ಎಷ್ಟು ಆತಂಕ ಪಟ್ರು, ಅದು ಇನ್ನೊಂದು ದಿನದ ಬರಹ.

ಈಗ ಭದ್ರೆಗೆ ಬರ್ತೀನಿ.

ಹೆಬ್ಬೆ ಜಲಪಾತ ನೋಡಿದವರಿಗೆ ಗೊತ್ತು, ಎರಡು ಹಂತದಲ್ಲಿ ಬೀಳುತ್ತೆ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ. 168 ಮೀಟರ್ ಎತ್ತರ ಅಂತ ಬೋರ್ಡಲ್ಲಿ ಬರೀತಾರೆ. ಕೆಮ್ಮಣ್ಣುಗುಂಡಿ ಕಡೆಯಿಂದ ಕಾಫಿ ತೋಟದೊಳಗೆ ಜೀಪಿನಲ್ಲಿ ಕುಲುಕಾಡ್ಕೊಂಡು ಹೋಗಿ, ಆಮೇಲೆ ಹಳ್ಳ ದಾಟಿ ನಡೀಬೇಕು. ನೀರು ಬಿದ್ದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಫೋಟೋ ತೆಗೆಯೋರು ಕೇಳಲ್ಲ. ಅದು ಕಾಡಿನೊಳಗೆ ಇಳಿದು ಭದ್ರೆ ಸೇರುತ್ತೆ, ಲಕ್ಕವಳ್ಳಿಯಲ್ಲಿ ನಿಲ್ಲುತ್ತೆ, ನಾಲೆಗೆ ಬೀಳುತ್ತೆ, ನನ್ನ ತೋಟದ ಬಸಿಗಾಲುವೆಗೂ ಬರುತ್ತೆ. ಹೆಬ್ಬೆಯಲ್ಲಿ ಬಿಸಾಕಿದ ಬಾಟ್ಲಿ ನನ್ನ ತೋಟದವರೆಗೆ ಬರಲ್ಲ ಸರಿ, ಆದ್ರೆ ನೀರು ಅದೇ.

ಆ ಮೇಲಿನ ಗುಡ್ಡ ಮೊದಲು ಪ್ರವಾಸಿ ತಾಣ ಆಗಿದ್ದೇ ಅಲ್ಲ. ಹೆಸರೇ ಹೇಳುತ್ತಲ್ಲ, ಕೆಮ್ಮಣ್ಣಿನ ಗುಂಡಿ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಬರ್ತಿದ್ದದ್ದು ಅಲ್ಲಿಂದ. ರೋಪ್‌ವೇ ತೊಟ್ಟಿಲುಗಳಲ್ಲಿ ಗುಡ್ಡ ಇಳಿದು ಬರ್ತಿತ್ತು. ಆಗ ಕುಲುಮೆಗೆ ಕಲ್ಲಿದ್ದಲು ಇಲ್ಲ, ಮಲೆನಾಡ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆ ನಿಲ್ಲಿಸಿದ ಕಥೆ ಶಾಲೆ ಪುಸ್ತಕದಲ್ಲಿ ಓದಿದ್ದೀವಿ. ಇದ್ದಿಲು ಸುಟ್ಟವರ ಕಥೆ ಓದಿಲ್ಲ. ಅದೇ ಗುಡ್ಡದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರ, ಅದಕ್ಕೇ ಕೃಷ್ಣರಾಜೇಂದ್ರ ಗಿರಿಧಾಮ ಅಂತ ಹೆಸರು. ನಮ್ಮ ಸೀಮೆಯಲ್ಲಿ ಗಾಳಿ, ನೋಟ ಅಂತ ಬಿಡಾರ ಹೂಡಿದವರಲ್ಲಿ ಹೆಸರು ಉಳಿದದ್ದು ಮಹಾರಾಜರದ್ದೇ ಅನ್ನಬೇಕು. ಉಳಿದವರು ಹೊಟ್ಟೆಪಾಡಿಗೆ ಬಿಡಾರ ಹೂಡಿದವರು: ಸೌದೆ ಕಡಿಯೋರು, ಅದಿರು ಅಗೆಯೋರು, ಅಮೃತಮಹಲ್ ದನ ಹೊಡ್ಕೊಂಡು ಕಾವಲಿಂದ ಕಾವಲಿಗೆ ನೀರು ಹುಡುಕಿ ಹೋಗೋರು.

ಆಗ ಭದ್ರಾ ಬರೀ ಹೊಳೆ. ದಾಟೋಕೆ ತೆಪ್ಪ, ಹರಿಗೋಲು, ಅಂಬಿಗರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ಹಳಿಯ ಟ್ರಾಮ್ ರೈಲು ಇತ್ತು ಅಂದ್ರೆ ಈಗಿನ ಹುಡುಗರು ನಂಬಲ್ಲ. ನರಸಿಂಹರಾಜಪುರ ಅಂದ್ರೆ ಹಳೇ ಎಡೇಹಳ್ಳಿ. ಆ ಊರಿನ ಸುತ್ತ ಭದ್ರೆ ದಂಡೆಯ ಗದ್ದೆಗಳು, ತೋಟಗಳು, ಊರುಗಳು. ಇವತ್ತು ಹಿನ್ನೀರಿನ ಸೂರ್ಯಾಸ್ತ ಅಂತ ಫೋಟೋ ಹಾಕ್ತಾರಲ್ಲ, ಆ ನೀರಿನ ಕೆಳಗೆ.

ಅಣೆಕಟ್ಟೆ ಕೆಲಸ ಶುರುವಾಗಿದ್ದು 1947ರಲ್ಲಿ. ಮುಗಿಯೋಕೆ 1960ರ ದಶಕದ ಮಧ್ಯ ಆಯ್ತು. 71.5 ಟಿ.ಎಂ.ಸಿ. ನೀರು ನಿಲ್ಲುತ್ತೆ, ನೂರು ಚದರ ಕಿಲೋಮೀಟರಿಗೂ ಜಾಸ್ತಿ ಮುಳುಗಡೆ. ಅದರಿಂದ ಲಕ್ಷ ಹೆಕ್ಟೇರಿಗೂ ಮೀರಿ ನೀರಾವರಿ ಆಯ್ತು, ಅದರಲ್ಲಿ ನನ್ನ ಮೂರು ಎಕರೆ ತೋಟವೂ ಒಂದು. ಹಾಗಾಗಿ ಡ್ಯಾಂ ಬೈಯೋ ಯೋಗ್ಯತೆ ನನಗಿಲ್ಲ. ಅದರ ಅನ್ನ ತಿಂದಿದ್ದೀನಿ.

ಆದ್ರೆ ಹಿನ್ನೀರಿನ ಪಕ್ಕದ ಆ ಎರಡು ಎಕರೆ ನನಗೆ ಬಂದಿದ್ದು ಮಾವನವರ ಕಡೆಯಿಂದ. ಅವರ ಮನೆತನದ್ದು ಮುಳುಗಿದ್ದು ಹೋಗಿ, ಮೇಲೆ ಉಳಿದ ಚೂರು ಅದು. ಮಾವನವರು ಇದ್ದಾಗ ಪ್ರತಿ ಏಪ್ರಿಲ್‌ನಲ್ಲಿ, ನೀರು ಪೂರ್ತಿ ಇಳಿದ ಮೇಲೆ, ಒಂದು ದಿನ ಅಲ್ಲಿಗೆ ಹೋಗೋರು. ಇಳಿದ ನೀರಿನಲ್ಲಿ ಹಳೇ ಮರದ ಬೊಡ್ಡೆಗಳು, ಬಾವಿಯ ಕಲ್ಲು ಕಾಣ್ತಿದ್ವು. ಕೋಲಿನಲ್ಲಿ ತೋರಿಸಿ, "ಅಗೋ ಅಲ್ಲಿ ನಮ್ಮ ಕಣ. ಅಲ್ಲಿಂದ ಎಡಕ್ಕೆ ಹಲಸಿನ ಮರ" ಅನ್ನೋರು. ನನಗೆ ಕಾಣ್ತಿದ್ದದ್ದು ಕೆಸರು. ಅವರು ಬಿಡಾರ ಹೂಡ್ತಿರಲಿಲ್ಲ, ಫೋಟೋ ತೆಗೀತಿರಲಿಲ್ಲ. ಒಂದು ಬೀಡಿ ಸೇದಿ ವಾಪಸ್.

ಇದು ನಮ್ಮ ಒಂದು ಕಡೆಯದ್ದೇ ಅಲ್ಲ. ಶರಾವತಿಯಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಸಿಗಂದೂರು ಕಡೆಯವರು ಎಷ್ಟು ವರ್ಷ ಲಾಂಚ್ ನಂಬಿ ಬದುಕಿದ್ರು ನೆನಪು ಮಾಡ್ಕೊಳ್ಳಿ. 2025ರಲ್ಲಿ ಸೇತುವೆ ಆಗೋ ತನಕ ಹೆರಿಗೆ ನೋವು ಬಂದ್ರೂ ಲಾಂಚೇ. ನಮ್ಮಂಥವರು ದೇವಿ ದರ್ಶನಕ್ಕೆ ಹೋದಾಗ ಅದೇ ಲಾಂಚಲ್ಲಿ ಆಹಾ, ಏನ್ ಗಾಳಿ, ಏನ್ ನೀರು ಅಂತ ಖುಷಿ ಪಟ್ಟು ಬಂದಿದ್ದೀವಿ. ನಾನೂ ಪಟ್ಟಿದ್ದೀನಿ.

ಮುಳುಗಡೆ ಆದದ್ದು ಒಂದು ಸಲ. ಎರಡನೇ ಸಲ ಎಬ್ಬಿಸಿದ್ದು ಕಾಡಿನ ಹೆಸರಲ್ಲಿ. ಮೈಸೂರು ಸರ್ಕಾರ 1951ರಲ್ಲೇ ಜಾಗರ ಕಣಿವೆಯನ್ನ ಪ್ರಾಣಿಗಳಿಗೆ ಅಂತ ಮೀಸಲು ಮಾಡಿತ್ತು. 1974ರಲ್ಲಿ ಲಕ್ಕವಳ್ಳಿ ಕಾಡೂ ಸೇರಿ ಭದ್ರಾ ಅಭಯಾರಣ್ಯ ಆಯ್ತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಕೆಸವೆ, ಕರ್ವಾನಿ, ಹಿಪ್ಲ, ಮಡ್ಲ, ಮುತ್ತೋಡಿ ಕಡೆಯ ಜನಕ್ಕೆ ಒಂದು ಕಡೆ ನೀರು, ಇನ್ನೊಂದು ಕಡೆ ಕಾಡು. ಆಸ್ಪತ್ರೆ ದೂರ, ಶಾಲೆ ದೂರ, ಬೆಳೆ ಆನೆ ಪಾಲು. 2001-02ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದ್ವು. ಹೆಚ್ಚಿನವರು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಕೆಲವರು ಕಾಫಿ ಸೀಮೆ ಅಂತ ಕೆಳಗೂರಿಗೆ. ದೇಶದಲ್ಲೇ ತಕ್ಕಮಟ್ಟಿಗೆ ಸರಿಯಾಗಿ ಆದ ಪುನರ್ವಸತಿ ಅಂತ ಇದನ್ನ ತಜ್ಞರು ಉದಾಹರಣೆ ಕೊಡ್ತಾರೆ. ಎಂ.ಸಿ. ಹಳ್ಳಿ ಕಡೆ ಹೋದವರಿಗೆ ಗೊತ್ತು, ಈಗ ಅಲ್ಲಿ ಭದ್ರಾ ನಾಲೆ ನೀರಲ್ಲಿ ಗದ್ದೆ ತೋಟ ಎರಡೂ ಇವೆ. ಮಕ್ಕಳು ಓದಿದ್ದಾರೆ. ಒಳ್ಳೇದೇ ಆಯ್ತು ಅಂತ ಅವರೇ ಹೇಳೋದು ಕೇಳಿದ್ದೀನಿ.

ಆದ್ರೆ ಅಲ್ಲಿನ ಒಬ್ಬ ಹಿರಿಯರು ಒಂದು ಸಲ ಮಂಡಿಯಲ್ಲಿ ಸಿಕ್ಕಿದಾಗ ಹೇಳಿದ ಮಾತು ತಲೆಯಿಂದ ಹೋಗಿಲ್ಲ. ಮಗನ ಜೊತೆ ದುಡ್ಡು ಕೊಟ್ಟು ಸಫಾರಿ ಹೋಗಿ ಬಂದಿದ್ರಂತೆ. "ನಾನು ಹುಟ್ಟಿದ ಕಡೆ ಹೋಗೋಕೆ ಟಿಕೆಟ್ ತಗೊಂಡೆ ಕಣಪ್ಪ. ಗೈಡ್ ಹುಡುಗ ನನಗೇ ಮರದ ಹೆಸರು ಹೇಳ್ಕೊಟ್ಟ" ಅಂದ್ರು. ಸಿಟ್ಟಿನಲ್ಲಿ ಹೇಳಲಿಲ್ಲ, ನಗ್ತಾ ಹೇಳಿದ್ರು.

ಹುಡುಗರು ಹೇಳಿದ "ಎರಡು ದೋಣಿ, ಗಾಳ ಹಾಕಿ ಮೀನು" ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇಂಥ ಕಾರಣಕ್ಕೆ. ಮೀನಿನ ವಿಷಯಕ್ಕೆ ಬರೋಣ, ಅದರಲ್ಲಿ ನನ್ನದೇ ತಪ್ಪು ಒಂದಿದೆ.

ಮೀನು ಹಿಡಿಯೋದು ನಮಗೆ ಯಾವತ್ತೂ ಪ್ರವಾಸ ಆಗಿರಲಿಲ್ಲ. ಮಳೆಗಾಲ ಶುರುವಾದ್ರೆ ಮೊದಲ ಕೆಂಪು ನೀರಿಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತು ಮೀನು ಬರ್ತಿತ್ತು. ಬದುವಿನ ಕಂಡಿಗೆ ಕೂಣಿ ಇಟ್ರೆ ಬೆಳಿಗ್ಗೆಗೆ ಸಾರಿಗಾಗುವಷ್ಟು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರೆಲ್ಲ ಇಳಿದು ಕೆರೆ ಬೇಟೆ, ಕೊರವ, ಗೆಂಡೆ ಸಿಕ್ಕಿದವರಿಗೆ ಸಿಕ್ಕಷ್ಟು. ಅದಕ್ಕೂ ಒಂದು ಕಟ್ಟುಪಾಡು ಇತ್ತು: ದಿನ ಗೊತ್ತು ಮಾಡಬೇಕು, ಡಂಗುರ ಹೊಡೆಯೋ ಮುಂಚೆ ಯಾರೂ ಇಳಿಯೋ ಹಾಗಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಾವು ನಾಲ್ಕು ಜನ ಹುಡುಗರು ಕಾರೆಕಾಯಿ ಜಜ್ಜಿ ಹಳ್ಳದ ಒಂದು ಗುಂಡಿಗೆ ಕದಡಿದ್ವಿ. ತಿಳಿದವರಿಗೆ ಗೊತ್ತು, ಮೀನು ಮಂಪರು ಬಂದು ಮೇಲೆ ತೇಲುತ್ತೆ. ದೊಡ್ಡ ಮೀನು ಐದಾರು ಸಿಕ್ತು. ಆದ್ರೆ ಮಾರನೇ ದಿನ ಹೋಗಿ ನೋಡಿದ್ರೆ ಬೆರಳುಗಾತ್ರದ ಮರಿಗಳು, ಏಡಿಗಳು, ಕಪ್ಪೆಮರಿ, ಎಲ್ಲ ಬೆಳ್ಳಗೆ ಹೊಟ್ಟೆ ಮೇಲೆ ಮಾಡ್ಕೊಂಡು. ಅಜ್ಜ ಹೊಡೀಲಿಲ್ಲ. ಆ ವರ್ಷ ಪೂರ್ತಿ ಮನೆಯಲ್ಲಿ ಮೀನು ಸಾರು ಮಾಡಿದಾಗೆಲ್ಲ ನನ್ನ ತಟ್ಟೆಗೆ ಬರೀ ಸಾರು ಹಾಕಿಸಿದ್ರು. ಆ ಗುಂಡಿಗೆ ಮತ್ತೆ ಮೀನು ಸೇರೋಕೆ ಎರಡು ಮಳೆಗಾಲ ಹಿಡೀತು. ಈಗ ಕಾರೆಕಾಯಿ ಬದಲು ತೋಟೆ ಸಿಡಿಸೋರಿದ್ದಾರೆ, ಕರೆಂಟ್ ಬಿಡೋರಿದ್ದಾರೆ. ಅದರ ಮುಂದೆ ನಮ್ಮದು ಏನೂ ಅಲ್ಲ ಅಂತ ಸಮಾಧಾನ ಮಾಡ್ಕೊಬಹುದು, ಆದ್ರೆ ಶುರುವಾಗೋದು ಹಾಗೇ.

ಹಿನ್ನೀರಿನ ಮೀನಿಗೂ ಈಗ ಧಣಿಗಳಿದ್ದಾರೆ. ಕಾಟ್ಲಾ, ರೋಹು ಮರಿ ಬಿಟ್ಟು ಬೆಳೆಸಿದ ಮೀನು, ಪರವಾನಗಿ ತಗೊಂಡು ಬಲೆ ಹಾಕೋ ಕುಟುಂಬಗಳು. ರಾತ್ರಿ ಬಲೆ ಬಿಟ್ಟು ನಸುಕಿಗೆ ಎಳೆಯೋರು. ಮುಳುಗಿದ ಮರದ ಬೊಡ್ಡೆ ಎಲ್ಲೆಲ್ಲಿದೆ ಅನ್ನೋದು ಅವರಿಗೆ ಬಾಯಿಪಾಠ, ಯಾಕಂದ್ರೆ ಬೊಡ್ಡೆಗೆ ಸಿಕ್ಕಿದ್ರೆ ಬಲೆ ಹೋಯ್ತು. ಹೊಸದಾಗಿ ದೋಣಿ ತಂದ ನಮ್ಮ ಹುಡುಗರಿಗೆ ಅದು ಗೊತ್ತಿಲ್ಲ. ಲೈಫ್ ಜಾಕೆಟ್ ಹಾಕಿದ್ರೂ ತಳ ಹರಿದ ದೋಣಿ ದೋಣಿನೇ ಅಲ್ಲ. ಇನ್ನು ಅಭಯಾರಣ್ಯದ ಗಡಿಯೊಳಗೆ ಬರೋ ನೀರಿನಲ್ಲಿ ಗಾಳ ಹಾಕೋದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ನೀರಿನ ಮೇಲೆ ಗೆರೆ ಹೊಡೆದಿರಲ್ಲ. ಬಂದವರು ಎಲ್ಲಿ ದಾಟಿದ್ರು ಅಂತ ಕೇಸು ಬೀಳೋದು ಜಾಗ ಕೊಟ್ಟವನ ತಲೆ ಮೇಲೆ.

ಬೇಸಿಗೆ ಇನ್ನೊಂದು ಕಥೆ. ನೀರು ಇಳಿದಾಗ ಮಧ್ಯೆ ಮಧ್ಯೆ ದಿಬ್ಬಗಳು ಎದ್ದು ನಿಲ್ತಾವೆ, ಆ ದಿಬ್ಬದ ಬರಿ ನೆಲದ ಮೇಲೆ ರಿವರ್ ಟರ್ನ್ ಹಕ್ಕಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಗೂಡು ಅಂತ ಏನೂ ಇಲ್ಲ, ಉಗುರಲ್ಲಿ ಕೆದರಿದ ಸಣ್ಣ ತಗ್ಗು ಅಷ್ಟೇ. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನವರ ವಸತಿಗೂ ಅದೇ ಹಕ್ಕಿಯ ಹೆಸರು. ಹಕ್ಕಿ ಮೊಟ್ಟೆ ಇಡೋ ಕಾಲ, ಸ್ಕೂಲ್ ರಜೆ ಕಾಲ, ಎರಡೂ ಒಂದೇ. ದಿಬ್ಬದ ಮೇಲೆ ನಾಲ್ಕು ಜನ ಇಳಿದ್ರೆ ತಾಯಿ ಹಕ್ಕಿ ಹಾರುತ್ತೆ, ಬಿಸಿಲಿಗೆ ಮೊಟ್ಟೆ ಬೇಯುತ್ತೆ. ತುಳಿಯೋದೇ ಬೇಕಿಲ್ಲ.

ಅದೇ ಇಳಿದ ನೀರಿನ ಅಂಚು ದೂರದಿಂದ ನೋಡಿದ್ರೆ ಹಸಿರು ಹುಲ್ಲುಗಾವಲು. ಟೆಂಟಿಗೆ ಹೇಳಿ ಮಾಡಿಸಿದ ಹಾಗೆ. ಮೇಲೆ ಒಣಗಿದ ಹಪ್ಪಳ, ಕೆಳಗೆ ಹೂಳು. ಮೂರು ವರ್ಷದ ಹಿಂದೆ ನಮ್ಮ ಹಸು ಒಂದು ಹೊಟ್ಟೆಮಟ್ಟ ಇಳಿದುಬಿಟ್ಟಿತ್ತು, ಹನ್ನೊಂದು ಜನ ಹಗ್ಗ ಹಾಕಿ ಎಳೆದ್ವಿ. ಅವತ್ತು ರಾತ್ರಿ ಅದೇ ಜಾಗದಲ್ಲಿ ಆನೆ ನೀರಿಗೆ ಇಳಿದ ಹೆಜ್ಜೆ ಇತ್ತು. ಆನೆಗೆ ಎಲ್ಲಿ ಗಟ್ಟಿ ಇದೆ ಅನ್ನೋದು ಗೊತ್ತು. ನಮಗೆ ಗೊತ್ತಿಲ್ಲ, ಬೆಂಗಳೂರಿಂದ ಬಂದವರಿಗೆ ಎಲ್ಲಿಂದ ಗೊತ್ತಾಗಬೇಕು.

ಹೋದ ವರ್ಷ ಯಾರೋ ಒಂದು ಗುಂಪು ನನ್ನನ್ನ ಕೇಳದೇ ಆ ಎರಡು ಎಕರೆಯಲ್ಲಿ ಒಂದು ರಾತ್ರಿ ಇದ್ದು ಹೋಗಿದ್ರು. ಯಾರು ಅಂತ ಗೊತ್ತಿಲ್ಲ, ಹುಡುಕೋಕೂ ಹೋಗಲಿಲ್ಲ. ಕುಂಟೆ ಹೊಡೆಯುವಾಗ ನಮ್ಮ ಕೆಲಸದವನ ಕಾಲಿಗೆ ಬಾಟ್ಲಿ ಚೂರು ಹೊಕ್ಕಿ ಒಂಬತ್ತು ಹೊಲಿಗೆ. ಹದಿನೈದು ದಿನ ಅವನಿಗೆ ಕೆಲಸ ಇಲ್ಲ. ಕೂಲಿ ನಾನು ಕೊಟ್ಟೆ, ನೋವು ಕೊಟ್ಟವರಿಗೆ ಅದು ಗೊತ್ತೂ ಇಲ್ಲ.

ಇಷ್ಟೆಲ್ಲ ಹೇಳಿ ಬೇಡ ಅಂದುಬಿಡ್ತೀನಿ ಅಂದ್ಕೊಂಡ್ರಾ? ಇಲ್ಲ. ಆ ಹುಡುಗರು ಊರಿಗೆ ವಾಪಸ್ ಬಂದಿದ್ದಾರೆ, ಇಲ್ಲೇ ಬದುಕು ಕಟ್ಟಬೇಕು ಅಂತಿದ್ದಾರೆ. ಬೇಡ ಅಂತ ಬಾಗಿಲು ಹಾಕಿದ್ರೆ ನಾಳೆ ಹೊರಗಿನ ದುಡ್ಡಿನವನು ಪಕ್ಕದ ಜಮೀನು ತಗೊಂಡು ಇದನ್ನೇ ಮಾಡ್ತಾನೆ, ನಮ್ಮ ಹುಡುಗರು ಅವನಿಗೆ ತಟ್ಟೆ ತೊಳೀತಾರೆ. ಹಾಗಾಗಿ ನಿನ್ನೆ ಅವರನ್ನ ಕರೆದು ನನ್ನ ಮಾತು ಹೇಳಿದೆ.

ಟೆಂಟ್ ಹಾಕಿ, ಆದ್ರೆ ನನ್ನ ಪಟ್ಟಾ ಜಮೀನಿನ ಮೇಲಿನ ಅಂಚಲ್ಲಿ, ಆಲದ ಮರದ ಈಚೆಗೆ. ನೀರಿಳಿದ ಜಾಗಕ್ಕೆ ಒಂದು ಗೂಟವೂ ಇಳಿಯಬಾರದು, ಅದು ನಂದಲ್ಲ, ಬೇಸಿಗೆಯಲ್ಲಿ ಊರ ದನ ಮೇಯೋ ಜಾಗ. ಆನೆ ದಾರಿ ಬಿಟ್ಟು ಹಾಕಿ, ಅದು ಎಲ್ಲಿದೆ ಅಂತ ನಮ್ಮ ಕೆಲಸದವನು ತೋರಿಸ್ತಾನೆ. ಕಾಲು ಕೊಯ್ದುಕೊಂಡವನೇ, ಅವನಿಗೇ ಅಲ್ಲಿ ಸಂಬಳದ ಕೆಲಸ. ದೋಣಿ ತರಬೇಡಿ. ನೀರಿನ ಮೇಲೆ ಹೋಗಬೇಕು ಅನ್ನೋರನ್ನ ಲಕ್ಕವಳ್ಳಿಗೆ ಕಳಿಸಿ, ಅಲ್ಲಿ ಅನುಮತಿ ಇರೋ ದೋಣಿ ಇದೆ, ಚಾಲಕನಿಗೆ ದಿಬ್ಬ ಗೊತ್ತು, ಬೊಡ್ಡೆ ಗೊತ್ತು. ಗಾಳ ಬೇಡ. ಮೀನು ಬಲೆಯವರ ಹತ್ರ ತಗೊಳ್ಳಿ, ಅವರು ಹೇಳಿದ ರೇಟಿಗೆ, ಚೌಕಾಸಿ ಬೇಡ. ಬೇಕಾದ್ರೆ ನಸುಕಿಗೆ ಬಲೆ ಎಳೆಯೋದನ್ನ ದಂಡೆಯಲ್ಲಿ ನಿಂತು ನೋಡಲಿ, ಅದಕ್ಕೆ ಬಲೆಯವರಿಗೆ ಬೇರೆ ದುಡ್ಡು ಕೊಡಿ. ಗಾಜಿನ ಬಾಟ್ಲಿ ಗೇಟಿನ ಹತ್ರವೇ ಇಟ್ಟು ಒಳಗೆ ಬರಬೇಕು.

ಒಬ್ಬ ಹುಡುಗ ನಕ್ಕ. "ಅಣ್ಣಾ, ದೋಣಿ ಇಲ್ಲ, ಗಾಳ ಇಲ್ಲ, ಬಾಟ್ಲಿ ಇಲ್ಲ, ಮತ್ತೆ ಯಾರು ಬರ್ತಾರೆ?" ಅಂದ. ಅವನ ಪ್ರಶ್ನೆ ಸರಿಯಾಗೇ ಇದೆ, ನನ್ನ ಹತ್ರ ಉತ್ತರ ಇಲ್ಲ. ಇನ್ನೊಬ್ಬ ಮಾತ್ರ ಸುಮ್ಮನೆ ಕೂತಿದ್ದ. ಆಮೇಲೆ ಕೇಳಿದ, "ನಿಮ್ಮ ಮಾವನವರು ತೋರಿಸ್ತಿದ್ದ ಆ ಕಣ ಎಲ್ಲಿ ಅಂತ ನಿಮಗೆ ಈಗಲೂ ಗೊತ್ತಾ?" ಅಂದಾಜು ಗೊತ್ತು ಅಂದೆ. "ಅದನ್ನ ಬಂದವರಿಗೆ ಹೇಳಬಹುದಲ್ಲ" ಅಂದ. ಅಷ್ಟಕ್ಕೆ ಮಾತು ನಿಂತಿದೆ.

ಹಿನ್ನೀರಿನ ಅಂಚಿಗೆ ಜಮೀನು ಇರೋರು ನಾವು ಹತ್ತು ಹನ್ನೆರಡು ಮನೆ. ಒಬ್ಬೊಬ್ಬರು ಒಂದೊಂದು ರೀತಿ ಕೊಟ್ರೆ ಯಾವ ಕಟ್ಟುಪಾಡೂ ನಿಲ್ಲಲ್ಲ. ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅರಳಿಕಟ್ಟೆ ಹತ್ರ ಸೇರೋಣ ಅಂತ ಮಾತಾಗಿದೆ. ಪಹಣಿ, ಸರ್ವೆ ನಕಾಶೆ ತನ್ನಿ, ನಮ್ಮದು ಎಲ್ಲಿಗೆ ಮುಗಿಯುತ್ತೆ, ಮುಳುಗಡೆ ಕಲ್ಲು ಎಲ್ಲಿದೆ ಅಂತ ಮೊದಲು ನೋಡೋಣ. ಬಲೆಯವರಿಗೂ ಹೇಳಿ ಕಳಿಸಿದ್ದೀನಿ. ಹಳೇ ಊರು ನೋಡಿದ ಹಿರಿಯರು ಮನೆಯಲ್ಲಿದ್ರೆ ಬೈಕಲ್ಲಿ ಕೂರಿಸ್ಕೊಂಡು ಬನ್ನಿ. ಮಳೆ ಬಂದ್ರೆ ಶಾಲೆ ಜಗಲಿ.